ಚಾಚುಗಲ್ಲಿಗೆ ಐದು ಜನ

ಹಂಗಳಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ಗಂಡನನ್ನು ಕೇಳಬೇಕಾದ ಒಂದು ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲೇ ಕೂತಿತ್ತು. ಕೇಳುವುದಕ್ಕೆ ಅವರು ಒಬ್ಬರೇ ಸಿಗುತ್ತಿರಲಿಲ್ಲ.

ತೊಂಬತ್ತರ ದಶಕದ ನಡುಭಾಗದ ಮಾತು. ನಾನು ಉಮ್ಮತ್ತೂರಿನವಳು. ಚಾಮರಾಜನಗರಕ್ಕೆ ದಿನವೂ ಬಸ್ಸಿನಲ್ಲಿ ಓಡಾಡಿ ಪಿಯುಸಿ ಓದಿದೆ. ಆಮೇಲೆ ಟಿ.ಸಿ.ಎಚ್. ಮುಗಿಸಿ, ಪ್ರೈಮರಿ ಸ್ಕೂಲಿನ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಕಾಯುತ್ತಿದ್ದೆ. ಕಾಯುತ್ತಿರುವಾಗಲೇ ಸಂಬಂಧ ಬಂತು. ಹುಡುಗ ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಹೆಣ್ಣು ನೋಡಲು ಬಂದ ದಿನ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ಟಿ.ಸಿ.ಎಚ್.ನಲ್ಲಿ ಎಷ್ಟು ಪರ್ಸೆಂಟು?" ಹೇಳಿದೆ. ತಲೆಯಾಡಿಸಿದರು. ಅಷ್ಟರಲ್ಲಿ ಉಪ್ಪಿಟ್ಟು ಬಂತು.

"ಕೆಲಸ ಸಿಕ್ಕಿದ್ರೆ ಕಳಿಸ್ತಾರಾ?" ಎಂದು ಆಮೇಲೆ ಅಪ್ಪನನ್ನು ಕೇಳಿದೆ.

"ಅವ್ರೇನ್ ಓದ್ದೇ ಇರೋರಾ? ಕಳಿಸ್ದೆ ಏನು" ಅಂದರು ಅಪ್ಪ.

ಆ 'ಕಳಿಸ್ದೆ ಏನು' ಎಂಬ ಮಾತನ್ನು ನಂಬಿಕೊಂಡು ನಾನು ಮದುವೆಯಾದೆ.

ಮದುವೆಯಾದ ಮೇಲೂ ಮಾತಾಡಲು ಆಗಲಿಲ್ಲ. ಪ್ರಸ್ತದ ದಿನ ಇನ್ನೂ ಗೊತ್ತಾಗಿರಲಿಲ್ಲವಾದ್ದರಿಂದ ನಾನು ಹೆಂಗಸರ ಜೊತೆ ನಡುಮನೆಯಲ್ಲಿ, ಅವರು ಗಂಡಸರ ಜೊತೆ ಜಗಲಿಯಲ್ಲಿ. ಬೀಗರ ಔತಣ ಮುಗಿದರೂ ನೆಂಟರು ಕದಲಲಿಲ್ಲ. ಅತ್ತೆ ಮಾತು ಕಡಿಮೆಯ ಹೆಂಗಸು. ಗಂಡ ಹೋದ ಮೇಲೆ ದನದ ಕೊಟ್ಟಿಗೆ, ಹೊಲ, ಒಲೆ ಇಷ್ಟರಲ್ಲೇ ಇರುವವರು. ಮನೆಯ ಮಾತೆಲ್ಲ ನನ್ನ ಗಂಡನ ಅಕ್ಕನ ಗಂಡನದು. ಗುಂಡ್ಲುಪೇಟೆಯಲ್ಲಿ ಅವರಿಗೆ ಗೊಬ್ಬರದ ಅಂಗಡಿಯಿತ್ತು. ದೊಡ್ಡ ಹೊಟ್ಟೆ, ದೊಡ್ಡ ದನಿ, ದೊಡ್ಡ ಕೈ. ನನ್ನ ಗಂಡ ಅವರನ್ನು ಭಾವ ಎನ್ನುತ್ತಿದ್ದರು, ಊರೇ ಭಾವ ಎನ್ನುತ್ತಿತ್ತು. ನಾನೂ ಹಾಗೇ ಬರೆಯುತ್ತೇನೆ. ಅವರ ಹೆಂಡತಿ, ಅಂದರೆ ನನ್ನ ಗಂಡನ ಅಕ್ಕ, ನನಗೆ ಅತ್ತಿಗೆ.

ಹಿತ್ತಲಲ್ಲಿ ನಿಂತರೆ ದೂರದಲ್ಲಿ ಗುಡ್ಡಗಳ ಸಾಲು ಕಾಣುತ್ತಿತ್ತು. ಅದರಲ್ಲಿ ಒಂದು ಗುಡ್ಡದ ನೆತ್ತಿಗಿಂತ ಸ್ವಲ್ಪ ಕೆಳಗೆ ಒಂದು ಹಾಸುಬಂಡೆ ಮುನಿಸಿಕೊಂಡ ಮಗುವಿನ ಕೆಳದುಟಿಯ ಹಾಗೆ ಮುಂದಕ್ಕೆ ಚಾಚಿತ್ತು. ಅದಕ್ಕೆ ಚಾಚುಗಲ್ಲು ಎನ್ನುತ್ತಿದ್ದರು. ದನ ಮೇಯಿಸುವವರು ಓಡಾಡಿ ಆದ ಒಂದು ಕಾಲುದಾರಿ ಕಾಡಿನೊಳಗಿಂದ ಅಲ್ಲಿಯವರೆಗೆ ಹೋಗುತ್ತದೆ, ಅಲ್ಲಿ ನಿಂತರೆ ಒಂದು ಕಡೆ ನೀಲಗಿರಿ, ಇನ್ನೊಂದು ಕಡೆ ಗುಂಡ್ಲುಪೇಟೆಯ ಬಯಲು ಪೂರಾ ಕಾಣುತ್ತದೆ ಎಂದು ಕೇಳಿದ್ದೆ. ಉಮ್ಮತ್ತೂರಿನ ಬಯಲಲ್ಲಿ ಬೆಳೆದವಳಿಗೆ ಮೇಲಿನಿಂದ ಕೆಳಗೆ ನೋಡುವುದು ಎಂದರೆ ಮಾಳಿಗೆ ಹತ್ತಿ ರಾಗಿ ಒಣಗಿಸುವುದು, ಅಷ್ಟೆ.

ಔತಣದ ಮರುದಿನ ಸಂಜೆ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ನನ್ನ ಗಂಡ ಚೊಂಬು ಹಿಡಿದುಕೊಂಡು ಬಂದರು. ನೀರು ತುಂಬಿಸಿಕೊಳ್ಳುವ ನೆಪ. ನಾನು ಗುಡ್ಡದ ಕಡೆ ನೋಡುತ್ತಿದ್ದುದನ್ನು ಕಂಡಿರಬೇಕು.

"ಬೆಳಿಗ್ಗೆ ಬೇಗ ಎದ್ದು ಚಾಚುಗಲ್ಲಿಗೆ ಹೋಗನಾ?" ಎಂದರು, ಚೊಂಬಿನೊಳಗೆ ನೋಡುತ್ತ. "ಇಬ್ರೇ. ಹತ್ರಾನೇ ಅದೆ. ಅಲ್ಲಿ ಕೂತ್ಕಂಡು ಮಾತಾಡ್ಬೋದು."

ಅವರಿಗೂ ಮಾತಾಡಬೇಕು ಅನ್ನಿಸಿದೆ ಎಂಬುದೇ ನನಗೆ ಹಬ್ಬವಾಯಿತು. ಹೂಂ ಎಂದೆ. ರಾತ್ರಿ ಹಳದಿ ಹೂವಿನ ಒಂದು ಹಗುರ ವಾಯಿಲ್ ಸೀರೆಯನ್ನು ಟ್ರಂಕಿನ ಮೇಲೆ ತೆಗೆದಿಟ್ಟುಕೊಂಡು ಮಲಗಿದೆ. ಪ್ರಶ್ನೆಯನ್ನು ಹೇಗೆ ಶುರು ಮಾಡುವುದು ಎಂದು ಎರಡು ಮೂರು ಬಗೆಯಲ್ಲಿ ಬಾಯಿಪಾಠ ಮಾಡಿಕೊಂಡೆ.

ಬೆಳಿಗ್ಗೆ ನಾನು ಎದ್ದು ಮುಖ ತೊಳೆದು ಬರುವಷ್ಟರಲ್ಲಿ ಬಾಗಿಲಲ್ಲಿ ಜೀಪು ನಿಂತಿತ್ತು.

"ಏನ್ ಬಾಮೈದ, ನಮ್ಗೆ ಯೋಳ್ದೆ ಕೇಳ್ದೆ ಬೆಟ್ಟಕ್ಕೆ ಒಂಟ್ಬುಟ್ಟಿದ್ದಿಯಾ?" ಎಂದು ಭಾವ ಜಗಲಿಯಲ್ಲಿ ನಗುತ್ತಿದ್ದರು. "ಬುಡು ಬುಡು, ಎಲ್ಲಾ ಅರೇಂಜ್ ಮಾಡಿವ್ನಿ. ಮದ್ವೆ ಫೋಟೋ ಎಲ್ಲಾರ್ದೂ ಛತ್ರದ್ ಒಳ್ಗೇ ಇರ್ತವೆ. ನಿಮ್ದು ಬೆಟ್ಟದ್ ಮೇಲೆ ಇರ್ಲಿ. ಸಿನ್ಮಾದಲ್ಲಿ ಇರಂಗೆ!"

ಜೀಪಿನ ಹಿಂದಿನ ಸೀಟಿನಲ್ಲಿ ಕ್ಯಾಮರಾ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಫೋಟೋದವನು ಕೂತಿದ್ದ. ಗುಂಡ್ಲುಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಮಲಯಾಳಿ. ಮದುವೆಯಲ್ಲೂ ಅವನೇ ತೆಗೆದಿದ್ದು. ನನ್ನನ್ನು ನೋಡಿ, ಅವರ ಕಡೆ ಅಕ್ಕನನ್ನು ಕರೆಯುವ ಹಾಗೆ, "ಗುಡ್ ಮಾರ್ನಿಂಗ್ ಚೇಚಿ" ಎಂದ.

ಭಾವನಿಗೆ ಯಾರು ಹೇಳಿದರೋ ಇವತ್ತಿಗೂ ಗೊತ್ತಿಲ್ಲ. ನಾನು ಗಂಡನ ಮುಖ ನೋಡಿದೆ. ಅವರು ಜೀಪಿನ ಟೈರು ನೋಡುತ್ತಿದ್ದರು.

ವಾಯಿಲ್ ಸೀರೆ ಉಟ್ಟು ಹೊರಬಂದವಳನ್ನು ಅತ್ತಿಗೆ ತಡೆದು ನಿಲ್ಲಿಸಿದರು. "ಅಯ್ಯೋ, ಇದೇನಮ್ಮಿ, ಕಳೆ ಕೀಳಕ್ಕೆ ಒಂಟೋಳಂಗೆ? ಫೋಟೋ ತೆಗೆಯಕ್ಕೆ ಅಂತ ಓಯ್ತಿರದು! ಧಾರೆ ಸೀರೆ ಉಟ್ಕೊ."

"ಗುಡ್ಡ ಹತ್ತೋಕೆ ರೇಷ್ಮೆ ಸೀರೆನಾ ಅತ್ತಿಗೆ?"

"ನಾನ್ ಉಟ್ಕಂಡಿಲ್ವಾ?" ಎಂದು ತಮ್ಮ ನೆರಿಗೆ ಹಿಡಿದು ತೋರಿಸಿದರು. ನಿಜ, ಅವರೂ ರೇಷ್ಮೆಯಲ್ಲೇ ಇದ್ದರು.

ಅಂತೂ ಧಾರೆ ಸೀರೆ ಉಟ್ಟೆ. ಕೈತುಂಬ ಗಾಜಿನ ಬಳೆ, ತಲೆಗೆ ಮೊಳಗಟ್ಟಲೆ ಕನಕಾಂಬರ, ಕಾಲಿಗೆ ಹಿಮ್ಮಡಿ ಎತ್ತರದ ಹೊಸ ಚಪ್ಪಲಿ. ಭಾವ ಮುಂದೆ, ನನ್ನ ಗಂಡ ಅವರ ಪಕ್ಕ, ನಾನು ಹಿಂದೆ, ಅತ್ತಿಗೆಗೂ ಫೋಟೋದವನಿಗೂ ನಡುವೆ ಚಿತ್ರಾನ್ನದ ಟಿಫನ್ ಕ್ಯಾರಿಯರ್ ಹಿಡಿದುಕೊಂಡು ಕೂತೆ. ಇಬ್ಬರ ಪ್ರಯಾಣ ಹೀಗೆ ಐದು ಜನರದಾಯಿತು.

ಗುಡ್ಡದ ಬುಡದಲ್ಲಿ ಒಂದು ಕಟ್ಟೆಯ ಪಕ್ಕ ಜೀಪು ನಿಲ್ಲಿಸಿ ನಡೆಯಲು ಶುರು ಮಾಡಿದೆವು. ಹಿಂದಿನ ವಾರ ಒಂದೆರಡು ಹದ ಮಳೆ ಬಿದ್ದಿತ್ತು. ಒಣಗಿ ನಿಂತಿದ್ದ ಮತ್ತಿ, ದಿಂಡಿಲು ಮರಗಳಲ್ಲಿ ತಾಮ್ರದ ಬಣ್ಣದ ಚಿಗುರು ಬಂದಿತ್ತು. ಕೆಂಪು ಮಣ್ಣು ಮೇಲೆ ಒಣಗಿದಂತೆ ಕಂಡರೂ ಕಾಲಿಟ್ಟರೆ ಅಂಟುತ್ತಿತ್ತು. ದಾರಿ ಕಷ್ಟದ್ದೇನಲ್ಲ. ಒಂದು ಬೆಳಗಿನ ಹೊತ್ತಿಗೆ ಹೋಗಿ ಬರುವಂಥದ್ದು. ವಾಯಿಲ್ ಸೀರೆಯನ್ನು ಮಂಡಿಯವರೆಗೆ ಎತ್ತಿ ಸಿಕ್ಕಿಸಿಕೊಂಡು, ಬರಿಗಾಲಲ್ಲಿ ಆಗಿದ್ದರೆ ನಾನು ಓಡಿಯೇ ಹತ್ತುತ್ತಿದ್ದೆ. ಎರಡೂ ಬದಿಯಲ್ಲಿ ಎದೆಯೆತ್ತರದ ಲಂಟಾನ. ಅದರ ಮುಳ್ಳು ರೇಷ್ಮೆಯನ್ನು ಹಿಡಿದರೆ ಬಿಡುತ್ತಿರಲಿಲ್ಲ. ಹೆಜ್ಜೆ ಹೆಜ್ಜೆಗೂ ನಿಂತು, ಜರಿಯ ಎಳೆ ಕೀಳದ ಹಾಗೆ ಬಿಡಿಸಿಕೊಂಡು ಮುಂದೆ ಹೋಗಬೇಕು. ಹಾಗೆ ಬಗ್ಗಿದಾಗೆಲ್ಲ ಬಳೆ ಇನ್ನೊಂದು ಕೊಂಬೆಗೆ ಸಿಕ್ಕಿಕೊಳ್ಳುತ್ತಿತ್ತು.

ಬೇಕೆಂದೇ ನಿಧಾನ ಮಾಡಿದೆ. ಗಂಡ ಹಿಂದೆ ಬರುತ್ತಿದ್ದರು. ಹತ್ತಿರ ಬಂದರೆ ಜೊತೆಯಾಗಿ ನಡೆಯಬಹುದು. ಇನ್ನೇನು ಬಂದರು ಎನ್ನುವಾಗ ಅತ್ತಿಗೆ ತಿರುಗಿ ಬಂದು ನನ್ನ ಕೈ ಹಿಡಿದುಕೊಂಡರು.

"ಬಾರಮ್ಮಿ, ಇಂದ್ಗಡೆ ಉಳೀಬ್ಯಾಡ. ಹೊಸ ಮದಲಿಂಗಿತ್ತಿ, ಕಾಡ್ ದಾರಿ, ಗಾಳಿ ಗೀಳಿ ಸೋಕಾತು."

"ಅವರು ಹಿಂದೇನೇ ಇದ್ದಾರಲ್ಲ ಅತ್ತಿಗೆ."

"ಅವ್ನಿರ್ತಾನೆ ಬುಡು, ಎಲ್ಲಿಗ್ ಓಯ್ತಾನೆ?"

ಅವರ ಕೈ ಬೆವರಿತ್ತು. ಬಿಡಿಸಿಕೊಳ್ಳುವ ಹಾಗೆ ಇರಲಿಲ್ಲ. ನಡೆಯುತ್ತ ತಮ್ಮ ಮದುವೆಯಲ್ಲಿ ಹೋಳಿಗೆ ಕಡಿಮೆ ಬಿದ್ದ ಕತೆ ಹೇಳಿದರು. ಹಿಂದೆ ಭಾವ ನನ್ನ ಗಂಡನ ಹೆಗಲ ಮೇಲೆ ಕೈಹಾಕಿಕೊಂಡು ಆ ವರ್ಷದ ಅರಿಶಿನದ ರೇಟಿನ ಬಗ್ಗೆ ಮಾತಾಡುತ್ತಿದ್ದರು. ದಾರಿಯ ಮೇಲೆ ಹಳೆಯ ಆನೆ ಲದ್ದಿ ಬಿದ್ದಿತ್ತು. ಅದನ್ನು ನೋಡಿ ಎಲ್ಲರೂ ನಿಂತು, ಎಷ್ಟು ದಿನದ್ದು ಎಂದು ಚರ್ಚೆ ಮಾಡಿದರು. ನಾನು ಆ ಸಂದಿನಲ್ಲಿ ಗಂಡನ ಪಕ್ಕಕ್ಕೆ ಸರಿದೆ. ಕ್ಯಾಮರಾ ಕ್ಲಿಕ್ ಎಂದಿತು.

"ನ್ಯಾಚುರಲ್ ಆಗಿ ಬಂತು ಚೇಚಿ. ಇನ್ನೊಂದು. ಸಾರ್, ನೀವು ಚೇಚಿ ಕೈ ಹಿಡೀರಿ."

ಅವರು ಕೈ ಹಿಡಿದರು. ಮೊದಲ ಸಲ. ಫೋಟೋದವನು ಹೇಳಿದ್ದಕ್ಕೆ ಹಿಡಿದು, ಕ್ಲಿಕ್ ಆದ ತಕ್ಷಣ ಬಿಟ್ಟರು. ಬಿಸಿ ಪಾತ್ರೆಯನ್ನು ಬಿಡುವ ಹಾಗೆ.

ಅರ್ಧ ದಾರಿ ಕಳೆದ ಮೇಲೆ ಒಂದು ಕಡೆ ಎತ್ತರದ ಕಲ್ಲು ಹತ್ತಬೇಕಿತ್ತು. ಭಾವ, ಅತ್ತಿಗೆ, ಫೋಟೋದವನು ಮೂವರೂ ಮೇಲೆ ಹೋಗಿದ್ದರು. ನನ್ನ ಎಡಗಾಲಿನ ಚಪ್ಪಲಿಯ ಪಟ್ಟಿ ಆಗಲೇ ಕಿತ್ತುಹೋಗಿತ್ತು. ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಅವರು ಚಪ್ಪಲಿ ಇಸಿದುಕೊಂಡು, ಇನ್ನೊಂದು ಕೈ ನನಗೆ ಕೊಟ್ಟರು. ಈ ಸಲ ಯಾರೂ ಹೇಳಿರಲಿಲ್ಲ.

ಇದೇ ಸಮಯ ಎಂದುಕೊಂಡೆ. "ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು."

"ಕೇಳು."

ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಒಂದು ವಾಕ್ಯವೂ ಆಗ ನೆನಪಿಗೆ ಬರಲಿಲ್ಲ. "ನನಗೆ ಕೆಲಸ..." ಎಂದೆ.

"ಏನ್ಲಾ ಅದು?" ಮೇಲಿನಿಂದ ಭಾವನ ದನಿ. "ಅಲ್ಲೇ ಸಂಸಾರ ಸುರು ಮಾಡ್ಬುಟ್ರಾ? ಮೇಲಕ್ ಬನ್ರಪ್ಪ, ಬಿಸ್ಲು ಏರ್ತಾ ಅದೆ!"

ಅತ್ತಿಗೆ ಬಾಯಿಗೆ ಸೆರಗು ಹಿಡಿದು ನಕ್ಕರು. ಫೋಟೋದವನೂ ನಕ್ಕ. ನನ್ನ ಗಂಡನ ಕಿವಿ ಕೆಂಪಾದವು. ನನ್ನನ್ನು ಕಲ್ಲಿನ ಮೇಲಕ್ಕೆ ಎಳೆದುಕೊಂಡು, ಕೈ ಬಿಟ್ಟು, ಎಲ್ಲರಿಗಿಂತ ಮುಂದೆ ನಡೆದುಬಿಟ್ಟರು. ಅವರ ಕೈಯಲ್ಲಿ ನನ್ನ ಚಪ್ಪಲಿಗಳು ತೂಗಾಡುತ್ತಿದ್ದವು. ಆ ಬೆನ್ನನ್ನು ನೋಡುತ್ತ ನಡೆಯುವಾಗ ನನಗೆ ಅಳು ಬರಲಿಲ್ಲ, ಹಲ್ಲು ಕಡಿಯುವಂತಾಯಿತು.

ಚಾಚುಗಲ್ಲು ಎದುರಾದದ್ದು ಇದ್ದಕ್ಕಿದ್ದ ಹಾಗೆ. ಬಿದಿರಿನ ಒಂದು ಮೆಳೆ ದಾಟಿದ್ದೇ ಮರಗಳು ಮುಗಿದವು, ಗಾಳಿ ಮುಖಕ್ಕೆ ಹೊಡೆಯಿತು. ಕರಿಯ ಹಾಸುಬಂಡೆ ಒಂದು ಸಣ್ಣ ಕಣದಷ್ಟು ಅಗಲವಾಗಿ ಹರಡಿ, ತುದಿಯಲ್ಲಿ ಆಕಾಶಕ್ಕೆ ಹೋಗಿ ನಿಂತಿತ್ತು. ನಾನು ಆ ಕಡೆ ಎರಡು ಹೆಜ್ಜೆ ಇಟ್ಟೆನೋ ಇಲ್ಲವೋ, ಫೋಟೋದವನು ಕೈ ಅಡ್ಡ ಹಿಡಿದ.

"ಚೇಚಿ, ಸ್ಟಾಪ್. ಮುಖ ಇಲ್ಲಿ. ಈ ಕಡೆ ತಿರುಗಿ ನಿಲ್ಲಿ. ಹಿಂದೆ ವ್ಯೂ ಬರಬೇಕಲ್ಲ."

ತಿರುಗಿ ನಿಂತೆ. ನೋಡಬೇಕಾದದ್ದೆಲ್ಲ ಬೆನ್ನ ಹಿಂದೆ. ಕಣ್ಣೆದುರು ಬಿದಿರು ಮೆಳೆ, ಟಿಫನ್ ಕ್ಯಾರಿಯರ್, ಸೊಂಟದ ಮೇಲೆ ಕೈಯಿಟ್ಟುಕೊಂಡ ಭಾವ.

"ಸಾರ್, ಚೇಚಿ ಹೆಗಲ ಮೇಲೆ ಕೈ. ಹಾಗಲ್ಲ, ಲೂಸಾಗಿ. ಚೇಚಿ, ಚಿನ್ ಸ್ವಲ್ಪ ಮೇಲೆ. ಇಲ್ಲಿ ನೋಡಿ, ನನ್ನ ಬೆರಳು."

ಅವನ ಬೆರಳು ನೋಡಿದೆ. ಹಿಂದಿನಿಂದ ಬೀಸುವ ಗಾಳಿಗೆ ಸೆರಗು ಹಾರಿ ಮುಖದ ಮೇಲೆ ಬೀಳುತ್ತಿತ್ತು. ಪ್ರತಿ ಸಲವೂ ಅತ್ತಿಗೆ ಓಡಿ ಬಂದು ಸರಿಮಾಡಿ ಹೋಗುತ್ತಿದ್ದರು. ಸೆರಗು ಹಿಡಿಯುವ ನೆಪದಲ್ಲಿ ಕತ್ತು ತಿರುಗಿಸಿದಾಗ ಒಂದು ಸಲ ನೀಲಿಯ ಒಂದು ಪಟ್ಟಿ ಕಂಡಿತು. ಇನ್ನೊಂದು ಸಲ ಎಲ್ಲೋ ಆಳದಲ್ಲಿ ಕೆರೆಯೋ ಏನೋ ಹೊಳೆದಂತಾಯಿತು.

"ಇಲ್ಲಿ ನೋಡಮ್ಮಿ!" ಎಂದು ಅಷ್ಟರಲ್ಲಿ ಭಾವ ಕೂಗಿದರು. "ಬೆಟ್ಟ ಎಲ್ಲೂ ಓಡೋಗದಿಲ್ಲ. ರೀಲ್ ಮುಗ್ದೋಯ್ತದೆ."

ಆಮೇಲೆ ಕೂತು ಒಂದು. ಅವರು ಕೂತು ನಾನು ನಿಂತು ಒಂದು. ನಾನು ಕೂತು ಅವರು ಹೂ ಕೊಡುವಂತೆ ಒಂದು. ಹೂವಿಗೆ ಫೋಟೋದವನೇ ಲಂಟಾನದ ಗೊಂಚಲು ಕಿತ್ತು ತಂದ. ಆಮೇಲೆ ಭಾವ, ಅತ್ತಿಗೆ ಸೇರಿ ಗುಂಪಿನದು. ಆಮೇಲೆ ಭಾವ ಒಬ್ಬರದೇ, ತೋಳು ಕಟ್ಟಿಕೊಂಡು, ಕನ್ನಡಕ ಹಾಕಿ ಒಂದು, ತೆಗೆದು ಒಂದು. ಬಿಸಿಲು ಏರಿ ದೂರದಲ್ಲೆಲ್ಲ ಹೊಗೆಯಂಥ ಮಬ್ಬು ಮುಸುಕತೊಡಗಿತು. ನನ್ನ ಪಕ್ಕದಲ್ಲಿ, ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಷ್ಟು ಹೊತ್ತೂ ಗಂಡ ಎನ್ನುವ ಮನುಷ್ಯ ಒಂದು ಮಾತೂ ಆಡಲಿಲ್ಲ. ಆಡಿದ್ದರೂ ತುಟಿ ಅಲುಗಾಡಿಸಬೇಡಿ ಎಂದು ಫೋಟೋದವನು ಗದರುತ್ತಿದ್ದ.

ರೀಲು ಮುಗಿದ ಮೇಲೆ ಬಿದಿರ ನೆರಳಲ್ಲಿ ಟವೆಲ್ ಹಾಸಿ ಊಟಕ್ಕೆ ಕೂತೆವು. ಚಿತ್ರಾನ್ನ, ಮದುವೆಯಲ್ಲಿ ಉಳಿದ ಲಾಡು. ಉಂಡು ಮುಗಿಸಿ ತುದಿಗೆ ಹೋಗಿ ಕೂರೋಣ, ಅಲ್ಲಿಗೆ ಅವರನ್ನೂ ಕರೆಯೋಣ ಎಂದು ನಾನು ಗಬಗಬ ತಿನ್ನುತ್ತಿದ್ದೆ.

"ನೀನು ಟೀಚರ್ ಟ್ರೇನಿಂಗ್ ಆಗಿದ್ದಿಯಂತಲ್ಲ?" ಎಂದು ಅತ್ತಿಗೆ ಕೇಳಿದರು. ಸುಮ್ಮನೆ ಮಾತಿಗೆ ಕೇಳಿದ್ದು.

"ಹೂಂ ಅತ್ತಿಗೆ. ಅರ್ಜಿ ಹಾಕಿದ್ದೀನಿ. ಸಿಕ್ಕಿದ್ರೆ..."

"ಕೆಲ್ಸ ಗಿಲ್ಸ ಎಲ್ಲಾ ಯಾಕಮ್ಮಿ ನಿಂಗೆ?" ಭಾವ ಲಾಡು ಮುರಿಯುತ್ತ ಹೇಳಿದರು. ಕೆಟ್ಟದಾಗಿ ಹೇಳಲಿಲ್ಲ. ಪ್ರೀತಿಯಿಂದಲೇ ಹೇಳಿದರು. "ಎಲ್ಲೋ ಬೆಟ್ಟದ್ ತಪ್ಲಿಗೆ ಆಕ್ಬುಡ್ತಾರೆ. ಮೂರ್ ಬಸ್ ಅತ್ತಿ ಇಳ್ಯದ್ರಲ್ಲೇ ಆಯಸ್ಸು ಮುಗ್ದೋಯ್ತದೆ. ಅವ್ನ್ ಸಂಬ್ಳ ಸಾಲ್ದಾ? ಮನೇಲಿರು, ಅತ್ತೆಗೆ ವಯ್ಸಾಯ್ತು. ಅಲ್ವೇನ್ಲಾ ಬಾಮೈದ?"

ನಾನು ಗಂಡನ ಕಡೆ ನೋಡಿದೆ. ನನ್ನ ಪ್ರಶ್ನೆಯನ್ನು ನಾನು ಕೇಳುವ ಮೊದಲೇ ಇನ್ನೊಬ್ಬರು ಕೇಳಿ, ಉತ್ತರವನ್ನೂ ಕೊಟ್ಟು, ಈಗ ಒಪ್ಪಿಗೆಗೆ ಕಾಯುತ್ತಿದ್ದರು. ಗಂಡ ಬಾಯಲ್ಲಿದ್ದ ಅನ್ನವನ್ನು ಅಗಿಯುತ್ತಲೇ ಇದ್ದರು. ಅಷ್ಟು ಹೊತ್ತು ಅಗಿಯುವಂಥದ್ದು ಆ ಚಿತ್ರಾನ್ನದಲ್ಲಿ ಏನೂ ಇರಲಿಲ್ಲ. ನುಂಗಿ, "ನೀರ್ ಕೊಡಿ" ಎಂದರು.

ನಾನು ಎದ್ದೆ. ಕೈಯನ್ನೂ ತೊಳೆಯದೆ ನೇರವಾಗಿ ಬಂಡೆಯ ತುದಿಗೆ ನಡೆದೆ. "ಏ ಏ, ಅಂಚಿಗೆ ಓಗ್ಬ್ಯಾಡ ಕಣಮ್ಮಿ!" ಎಂದು ಅತ್ತಿಗೆ ಚೀರಿದರು. ತುದಿಗೆ ಒಂದು ಮಾರು ಇರುವಾಗ, ಎಲ್ಲರಿಗೂ ಬೆನ್ನು ಹಾಕಿ ಕೂತೆ.

ಎದುರಿಗೆ ಎಲ್ಲವೂ ಇತ್ತು. ನೀಲಗಿರಿಯ ಸಾಲು ಮಬ್ಬಿನಲ್ಲಿ ಒಂದರ ಹಿಂದೆ ಒಂದು. ಕೆಳಗೆ ಉತ್ತ ಹೊಲಗಳು, ಕೆಂಪಗೆ, ಕಪ್ಪಗೆ. ಹುಣಸೆ ಮರಗಳ ಸಾಲಿನ ನಡುವೆ ಊಟಿ ರಸ್ತೆ, ಅದರ ಮೇಲೆ ಹರಿದಾಡುವ ಲಾರಿಗಳು. ಇಷ್ಟೆಲ್ಲ ಇತ್ತು ಎಂದು ಈಗ ಬರೆಯುತ್ತಿದ್ದೇನೆ. ಅವತ್ತು ಕಣ್ಣಿಗೆ ಬಿದ್ದದ್ದು ಒಂದೂ ಒಳಗೆ ಇಳಿಯಲಿಲ್ಲ. ಇಡೀ ಬೆಳಗು ಯಾವುದನ್ನು ನೋಡಲು ಬಿಡಿ ಎಂದು ಒದ್ದಾಡಿದ್ದೆನೋ ಅದರ ಮುಂದೆಯೇ ಕೂತು, 'ನೀರ್ ಕೊಡಿ' ಅಂದರಲ್ಲ, 'ನೀರ್ ಕೊಡಿ' ಅಂದರಲ್ಲ ಎಂದು ಅದೊಂದನ್ನೇ ಅರೆಯುತ್ತಿದ್ದೆ. ಗಾಳಿಗೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡರೆ ಅಳುತ್ತಿದ್ದಾಳೆ ಎಂದುಕೊಳ್ಳುತ್ತಾರೆ ಎಂದು ಒರೆಸಿಕೊಳ್ಳಲಿಲ್ಲ. ಬೆರಳುಗಳಲ್ಲಿ ಚಿತ್ರಾನ್ನದ ಎಣ್ಣೆ ಹಾಗೇ ಒಣಗಿತು.

ಹಿಂದೆ ಹೆಜ್ಜೆ ಸದ್ದಾಯಿತು. ಗಂಡನೇ ಎಂದುಕೊಂಡೆ. ನೋಡಿದರೆ ಅತ್ತಿಗೆ. ಭಯದಿಂದ ಅರ್ಧ ಬಗ್ಗಿಕೊಂಡೇ ಬಂದು ನನ್ನ ರೆಟ್ಟೆ ಹಿಡಿದುಕೊಂಡಿದ್ದರು. "ನಂಗೆ ತಲೆ ಸುತ್ತದೆ ಕಣಮ್ಮಿ, ನಿನ್ ದಮ್ಮಯ್ಯ, ಬಾ ಇತ್ಲಾಗೆ." ಅವರು ಕಣ್ಣು ಮುಚ್ಚಿಕೊಂಡೇ ನನ್ನನ್ನು ಹಿಂದಕ್ಕೆ ಎಳೆಯುತ್ತಿದ್ದರು. ಎದ್ದು ಬಂದೆ.

ಇಳಿಯುವಾಗ ನಾನು ಯಾರಿಗೂ ಕಾಯಲಿಲ್ಲ. ಸೀರೆಯನ್ನು ಮಂಡಿಗೆ ಎತ್ತಿ ಸಿಕ್ಕಿಸಿ, ಬರಿಗಾಲಲ್ಲಿ, ಲಂಟಾನ ಎಳೆದರೆ ಎಳೆಯಲಿ ಎಂದು ಇಳಿದೆ. ಜರಿ ಎರಡು ಕಡೆ ಪರ್ರೆಂದದ್ದು ಕೇಳಿಸಿತು. ಒಂದು ಕಡೆ ಕಾಲು ಜಾರಿ ಕೆಸರಲ್ಲಿ ಕೂತೆ. ಎದ್ದು ಮತ್ತೆ ಇಳಿದೆ. ಹಿಂದೆ ಭಾವ "ಅದೇನ್ ಸ್ಪೀಡ್ಲಾ ನಿನ್ ಎಡ್ತಿ!" ಎನ್ನುತ್ತಿದ್ದುದು ದೂರವಾಯಿತು.

ಜೀಪಿನ ಹತ್ತಿರ ನಾನು ಮೊದಲು ತಲುಪಿದೆ. ನನ್ನ ಹಿಂದೆಯೇ ಅವರು ಬಂದರು, ಏದುಸಿರು ಬಿಡುತ್ತ, ಕೈಯಲ್ಲಿ ಚಪ್ಪಲಿ. ನನ್ನ ಕಾಲು ನೋಡಿದರು, ಸೀರೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಉಳಿದವರು ಬಂದರು.

ಆಗ ನನ್ನ ಗಂಡ ಮಾಡಿದ್ದು ನನಗೆ ಆಶ್ಚರ್ಯ. "ನೀವ್ ಜೀಪಲ್ಲಿ ಹೋಗಿ ಭಾವ. ನಾವ್ ಬಸ್ಸಲ್ಲಿ ಬತ್ತೀವಿ" ಎಂದರು.

"ಬಸ್ಸಲ್ಲಾ? ಯಾಕ್ಲಾ? ಜಾಗ ಇಲ್ವಾ?"

"ಇಲ್ಲ, ಬತ್ತೀವಿ."

ಇಷ್ಟೇ. ಕಾರಣ ಕೊಡಲಿಲ್ಲ. ಕೊಟ್ಟಿದ್ದರೆ ಭಾವ ಅದನ್ನು ಕಿತ್ತುಹಾಕುತ್ತಿದ್ದರು. ಜೀಪು ಹೋಯಿತು. ಊಟಿ ರಸ್ತೆಯವರೆಗೆ ಹೊಲದ ಬದುವಿನ ಮೇಲೆ ನಡೆಯಬೇಕಿತ್ತು. ಅಂತೂ ಇಬ್ಬರೇ ಉಳಿದೆವು. ಆದರೆ ಬದು ಒಬ್ಬರು ನಡೆಯುವಷ್ಟೇ ಅಗಲ. ಅವರು ಮುಂದೆ, ನಾನು ಹಿಂದೆ. ನನಗೆ ಆ ಬೆನ್ನಿನ ಜೊತೆ ಮಾತಾಡಲು ಇಷ್ಟವಿರಲಿಲ್ಲ. ರಸ್ತೆ ಸೇರಿ ಹುಣಸೆ ಮರದ ಕೆಳಗೆ ನಿಂತು ಉಸಿರು ಎಳೆದುಕೊಂಡು, "ಈಗ ಹೇಳಿ" ಎಂದೆ. ಬಸ್ಸು ಬಂದುಬಿಟ್ಟಿತು.

ಊಟಿಯಿಂದ ಬರುವ ಬಸ್ಸು, ಕಿಕ್ಕಿರಿದು ತುಂಬಿತ್ತು. ಹೆಂಗಸರು ಮುಂದಿನ ಬಾಗಿಲು, ಗಂಡಸರು ಹಿಂದಿನ ಬಾಗಿಲು ಎಂದು ಕಂಡಕ್ಟರ್ ಅರಚಿದ. ನಾನು ಮುಂದೆ ಹತ್ತಿ, ಕ್ಯಾರೆಟ್ ಮೂಟೆಯೊಂದರ ಮೇಲೆ ಒಂದು ಕಾಲಿಟ್ಟು ನೇತಾಡಿದೆ. ಹಿಂದೆ ತಲೆಗಳ ಸಮುದ್ರದಲ್ಲಿ ಎಲ್ಲೋ ಅವರ ಕೈ, ಕೈಯಲ್ಲಿ ನನ್ನ ಚಪ್ಪಲಿ ಕಂಡಿತು. ಹಂಗಳ ಬಂದಾಗ ನಾನು ಬಾಗಿಲ ಕಡೆ ನುಗ್ಗುವಷ್ಟರಲ್ಲಿ ಸೀಟಿ ಹೊಡೆದಾಗಿತ್ತು. ಅವರೂ ಇಳಿಯಲಿಲ್ಲ. ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಬಂದು ಇಳಿದೆವು, ಬೇರೆ ಬೇರೆ ಬಾಗಿಲುಗಳಿಂದ.

ಕೆಸರಾದ ಧಾರೆ ಸೀರೆಯಲ್ಲಿ, ಬರಿಗಾಲಲ್ಲಿ, ಬಾಡಿದ ಕನಕಾಂಬರ ಮುಡಿದು ನಿಂತ ಮದುಮಗಳನ್ನು ಬಸ್ ಸ್ಟ್ಯಾಂಡೇ ನೋಡುತ್ತಿತ್ತು. ನನಗೆ ನಾಚಿಕೆಯ ಕಾಲ ಮುಗಿದಿತ್ತು. ಕಬ್ಬಿನ ಹಾಲಿನ ಗಾಡಿಯ ಪಕ್ಕದ ಕಲ್ಲಿನ ಮೇಲೆ ಕೂತು ಕೇಳಿದೆ.

"ಭಾವ ಕೇಳಿದಾಗ ಯಾಕೆ ಬಾಯಿ ಬಿಡಲಿಲ್ಲ?"

ಅವರು ಪಕ್ಕದಲ್ಲಿ ಕೂತರು. "ಅಪ್ಪ ಹೋದ್ಮೇಲೆ ನಮ್ಮನೇನ ನೋಡ್ಕಂಡೋರು ಅವ್ರೇ. ನಾನು ಓದಿದ್ದು ಅವ್ರ ದಯೆ. ಎದುರಾಡಿ ಅಭ್ಯಾಸ ಇಲ್ಲ."

"ಹಂಗಾದ್ರೆ ನಾನು ಕೆಲಸಕ್ಕೆ ಹೋಗೋದು ಬೇಡ."

"ಬ್ಯಾಡ ಅಂತ ನಾನಂದ್ನಾ?"

"ಹೋಗು ಅಂತಾನೂ ಅನ್ನಲಿಲ್ಲ."

ಕೈಯಲ್ಲಿದ್ದ ಚಪ್ಪಲಿಗಳನ್ನು ನನ್ನ ಕಾಲ ಬಳಿ ಇಟ್ಟು, "ನೋಡನ" ಎಂದರು.

ಅದನ್ನು ಕೇಳಿ ನನಗೆ ಬಂದ ಸಿಟ್ಟು ಇವತ್ತು ನೆನೆಸಿಕೊಂಡರೂ ಬಿಸಿಯಾಗುತ್ತದೆ. "ಏನನ್ನ ನೋಡೋದು? ಬೆಳಿಗ್ಗೆಯಿಂದ ಯಾರು ಏನನ್ನ ನೋಡೋಕೆ ಬಿಟ್ಟಿದ್ದೀರಿ ನನ್ನ? ಇಬ್ರೇ ಹೋಗನ ಅಂದ್ರಿ, ಜೀಪ್ ಬಂತು. ಮಾತಾಡನ ಅಂದ್ರಿ, ಮುಂದೆ ಓಡೋದ್ರಿ. ನನ್ನ ಬದುಕು ಏನಾಗಬೇಕು ಅಂತ ಅವರು ಲಾಡು ತಿಂತಾ ಹೇಳ್ತಾರೆ, ನೀವು ನೀರು ಕುಡೀತೀರಿ!"

ಕಬ್ಬಿನ ಹಾಲಿನವನು ತಿರುಗಿಸುತ್ತಿದ್ದ ಚಕ್ರ ನಿಲ್ಲಿಸಿ ನೋಡಿದ. ನನ್ನ ಗಂಡ ಆ ಕಡೆ ಈ ಕಡೆ ನೋಡಿದರು. ಹೆಂಗಸರ ಬೈಗುಳವನ್ನು ಅವರು ಊರಲ್ಲಿ ಬೇಕಾದಷ್ಟು ಕೇಳಿದ್ದಿರಬೇಕು. ತಮಗೇ ಬಿದ್ದದ್ದು ಮೊದಲ ಸಲವೇನೋ.

"ಹೋಗು" ಎಂದರು ಕೊನೆಗೆ. "ಕೆಲ್ಸ ಸಿಕ್ಕಿದ್ರೆ ಹೋಗು. ಎಷ್ಟು ಪರ್ಸೆಂಟು ಅಂತ ಕೇಳಿದ್ದು ಅದ್ಕೇ ಅಲ್ವಾ. ಸಿಗ್ತದೋ ಇಲ್ವೋ ಅಂತ ತಿಳ್ಕಳಕ್ಕೆ."

"ಅದನ್ನ ಮೇಲೆ ಹೇಳೋಕೆ ಏನಾಗಿತ್ತು?"

"ಮನೇಲಿ ನಾನೇ ಯೋಳ್ತೀನಿ. ಇವತ್ತೇ ಬ್ಯಾಡ. ನೆಂಟ್ರೆಲ್ಲ ಹೋಗ್ಲಿ."

"ನೆಂಟರು ಯಾವಾಗ ಹೋಗ್ತಾರೆ?"

ಅದು ಅವರಿಗೂ ಗೊತ್ತಿರಲಿಲ್ಲ. ಎರಡು ಲೋಟ ಕಬ್ಬಿನ ಹಾಲು ಕೊಡಿಸಿದರು. ನಾನು ಕುಡಿದೆ, ಆದರೆ ಮುಖ ಸಡಿಲ ಮಾಡಲಿಲ್ಲ. ನನಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ಸಿಕ್ಕಿದ ರೀತಿ ಮಾತ್ರ ಬೇಕಾಗಿರಲಿಲ್ಲ. ಗುಟ್ಟಾಗಿ, ಬಸ್ ಸ್ಟ್ಯಾಂಡಿನಲ್ಲಿ, ಜಗಳ ಮಾಡಿ ಕಿತ್ತುಕೊಂಡ ಹಾಗೆ.

ಹಂಗಳಕ್ಕೆ ವಾಪಸ್ಸಾದಾಗ ದೀಪ ಹಚ್ಚುವ ಹೊತ್ತು. ಜಗಲಿಯಲ್ಲಿ ಭಾವ ಎಲೆಯಡಿಕೆ ಹಾಕುತ್ತಿದ್ದರು. ಅತ್ತಿಗೆ ನನ್ನ ಸೀರೆ ನೋಡಿ ಎದೆ ಹಿಡಿದುಕೊಂಡರು. ಅತ್ತೆ ಕೊಟ್ಟಿಗೆಯಿಂದ ಹಾಲಿನ ಪಾತ್ರೆ ಹಿಡಿದು ಬರುತ್ತಿದ್ದರು. ನಾವು ಜಗಲಿಯ ಮೆಟ್ಟಿಲ ಮೇಲೆ ಇನ್ನೂ ಕಾಲಿಟ್ಟಿರಲಿಲ್ಲ.

"ಇವ್ಳು ಕೆಲ್ಸಕ್ಕೆ ಹೋಗ್ತಾಳೆ" ಎಂದುಬಿಟ್ಟರು ನನ್ನ ಗಂಡ, ಯಾರ ಮುಖವನ್ನೂ ನೋಡದೆ, ಎಲ್ಲರಿಗೂ ಕೇಳುವಂತೆ. ಪರೀಕ್ಷೆಯಲ್ಲಿ ಮರೆತುಹೋಗುತ್ತದೆ ಎಂದು ಹೆದರಿ ಒಂದೇ ಉಸಿರಿಗೆ ಒಪ್ಪಿಸುವ ಹಾಗೆ. "ಆರ್ಡರ್ ಬಂದ್ರೆ ಹೋಗ್ತಾಳೆ. ಎಲ್ಲಿಗೆ ಹಾಕಿದ್ರೂ ಸರಿ."

ಭಾವ ಸುಣ್ಣ ಹಚ್ಚುತ್ತಿದ್ದ ಬೆರಳು ನಿಲ್ಲಿಸಿದರು. ಈಗ ಏನಾಗುತ್ತದೋ ಅದಕ್ಕೆ ನಾನು ಸಿದ್ಧಳಾಗಿ ನಿಂತೆ. ಬಸ್ಸಿನಲ್ಲಿ ಬರುವಾಗ ಉತ್ತರಗಳನ್ನೂ ಜೋಡಿಸಿಕೊಂಡಿದ್ದೆ.

ಅತ್ತೆ ಪಾತ್ರೆಯನ್ನು ಹೊಸ್ತಿಲ ಮೇಲಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡರು. "ಓಗ್ಲಿ" ಎಂದರು. "ಬ್ಯಾಡ ಅಂದೋರ್ ಯಾರು? ಕೆಲ್ಸಕ್ಕೆ ಓಯ್ತಳೆ ಅಂತ್ಲೇ ಅಲ್ವಾ ಓದಿರೋ ಎಣ್ಣ ತಂದಿದ್ದು? ಮೊದ್ಲು ಕೈಕಾಲ್ ತೊಳ್ಕಂಡ್ ಬನ್ನಿ, ಉಣ್ಣಿ."

"ನಾನೂ ಅದ್ನೇ ಅಂದಿದ್ದು" ಎಂದರು ಭಾವ, ಎಲೆ ಮಡಚಿ ಬಾಯಿಗಿಡುತ್ತ. "ಬಸ್ ಕಷ್ಟ ಆಯ್ತದೆ ಅಂದೆ ಅಷ್ಟೇ ಕಣಪ್ಪ. ಬೇಕಾದ್ರೆ ಯಾರ್ಗಾದ್ರೂ ಯೋಳಿ ಅತ್ರಕ್ ಆಕ್ಸಣ."

ಮುಗಿಯಿತು. ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಬಾಯಲ್ಲೇ ಉಳಿದವು. ಬೆಳಗಿನಿಂದ ಗುಡ್ಡ ಹತ್ತಿ ಇಳಿದು, ಧಾರೆ ಸೀರೆ ಹರಿದು, ಬಸ್ ಸ್ಟ್ಯಾಂಡಿನಲ್ಲಿ ಮಾನ ಕಳೆದುಕೊಂಡು ನಾನು ಹೋರಾಡಿದ್ದು ಯಾರ ಜೊತೆ? ಈ ಮನೆಯಲ್ಲಿ ಒಬ್ಬರನ್ನು, ಈ ಕೊಟ್ಟಿಗೆಯ ಹೆಂಗಸನ್ನು, ಮೊದಲ ದಿನವೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವರಾದರೂ ಹೇಳಬಾರದಿತ್ತೆ? ಮಗನಾದರೂ ಕೇಳಬಾರದಿತ್ತೆ? ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಎಲ್ಲರ ಮೇಲೂ ಒಟ್ಟಿಗೆ ಸಿಟ್ಟು ಬಂತು. ಸಿಟ್ಟು ತೋರಿಸಲು ಈಗ ಕಾರಣವೂ ಇರಲಿಲ್ಲ.

ಆರ್ಡರ್ ಬಂದದ್ದು ಮುಂದಿನ ವರ್ಷ, ಚಂದಕವಾಡಿ ಹೋಬಳಿಯ ಒಂದು ಶಾಲೆಗೆ. ವಾರಕ್ಕೊಮ್ಮೆ ಹಂಗಳಕ್ಕೆ ಬರುತ್ತಿದ್ದೆ. ಬಸ್ಸು ನಿಜಕ್ಕೂ ಕಷ್ಟವೇ ಆಯಿತು. ಭಾವ ಆ ಮಾತನ್ನು ಸುಳ್ಳು ಹೇಳಿರಲಿಲ್ಲ. ಫೋಟೋಗಳು ಮಾತ್ರ ಎರಡೇ ವಾರಕ್ಕೆ ಬಂದವು. ಬಿಸಿಲಿಗೆ ಹಿಂದಿನ ಆಕಾಶವೆಲ್ಲ ಬಿಳಿ ಹಾಳೆಯಾಗಿತ್ತು. ಬೆಟ್ಟವೂ ಇಲ್ಲ, ಬಯಲೂ ಇಲ್ಲ. ಇದನ್ನು ಗುಂಡ್ಲುಪೇಟೆಯ ಸ್ಟುಡಿಯೋದಲ್ಲಿ ಪರದೆ ಕಟ್ಟಿ ತೆಗೆದರೂ ಆಗುತ್ತಿತ್ತು ಎಂದು ಭಾವನೇ ಫೋಟೋದವನನ್ನು ಬೈದರು.

ಗುಡ್ಡದಿಂದ ಬಂದ ಆ ಸಂಜೆ, ಜಗಲಿಯ ಮಾತು ಮುಗಿದ ಮೇಲೆ, ಹಿತ್ತಲಿಗೆ ಹೋಗಿ ಕಾಲು ತೊಳೆದೆ. ಮುಳ್ಳು ತರಚಿದಲ್ಲೆಲ್ಲ ಉರಿಯಿತು. ಒಳಗೆ ಬಂದು ವಾಯಿಲ್ ಸೀರೆ ಉಟ್ಟುಕೊಂಡೆ, ಈಗ ಯಾರೂ ಬೇಡವೆನ್ನಲಿಲ್ಲ. ಅತ್ತೆ ಮುದ್ದೆ ಮುರಿದು ಹಾಕಿ ಉಪ್ಪುಸಾರು ಬಡಿಸಿದರು. ಹೊಸ ಸೊಸೆ ಮೆಲ್ಲಗೆ ಉಣ್ಣಬೇಕು, ಸಾಕು ಎನ್ನಬೇಕು ಎಂದು ಅಮ್ಮ ಹೇಳಿ ಕಳಿಸಿದ್ದರು. ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.